ಸ್ಕ್ರಿಪ್ಟ್ ಕೇಳದೆ ದುಡ್ಡು ಕೊಟ್ಟವರು: ಮೈಕ್ ಲೀ ಮತ್ತು ಬ್ರಿಟಿಷ್ ಸಿನಿಮಾದ ಇಂದಿನ ಬಿಕ್ಕಟ್ಟು

2024ರಲ್ಲಿ ಇಂಗ್ಲೆಂಡಿನ ನಿರ್ದೇಶಕ ಮೈಕ್ ಲೀ ತಮ್ಮ ಹೊಸ ಸಿನಿಮಾ 'ಹಾರ್ಡ್ ಟ್ರೂತ್ಸ್' ಮುಗಿಸಿ ಚಿತ್ರೋತ್ಸವಗಳಿಗೆ ಕಳಿಸಿದರು. ಕಾನ್ ಬೇಡ ಅಂದಿತು. ವೆನಿಸ್ ಬೇಡ ಅಂದಿತು. ಅಮೆರಿಕದ ಟೆಲ್ಯುರೈಡ್ ಕೂಡ ಬೇಡ ಅಂದಿತು. 1996ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದವರು, 2004ರಲ್ಲಿ ವೆನಿಸ್‌ನ ಗೋಲ್ಡನ್ ಲಯನ್ ಗೆದ್ದವರು ಇದೇ ಮೈಕ್ ಲೀ. ಏಳು ಸಲ ಆಸ್ಕರ್‌ಗೆ ಅವರ ಹೆಸರು ಹೋಗಿತ್ತು. ಕೊನೆಗೆ ಸಿನಿಮಾ ಸೆಪ್ಟೆಂಬರ್‌ನಲ್ಲಿ ಟೊರಾಂಟೊದಲ್ಲಿ ಮೊದಲ ಪ್ರದರ್ಶನ ಕಂಡಿತು. ನೋಡಿದವರು ಬಾಯಿ ತುಂಬ ಹೊಗಳಿದರು. ಮುಖ್ಯ ಪಾತ್ರ ಮಾಡಿದ ಮರಿಯಾನ್ ಜೀನ್-ಬ್ಯಾಪ್ಟಿಸ್ಟ್ ಅವರಿಗೆ ನ್ಯೂಯಾರ್ಕ್ ಸಿನಿಮಾ ವಿಮರ್ಶಕರ ಪ್ರಶಸ್ತಿ ಬಂತು, ಬ್ರಿಟನ್ನಿನ ಸ್ವತಂತ್ರ ಚಿತ್ರ ಪ್ರಶಸ್ತಿಯೂ ಬಂತು.

ಉತ್ಸವಗಳು ಬೇಡ ಅಂದದ್ದು ಸುದ್ದಿಯಾಯಿತು. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಅದರ ಹಿಂದಿನ ಆರು ವರ್ಷ. ಲೀ ಅವರ ಹಿಂದಿನ ಸಿನಿಮಾ 'ಪೀಟರ್‌ಲೂ' ಬಂದದ್ದು 2018ರಲ್ಲಿ. 2020ರಲ್ಲಿ ಶುರುವಾಗಬೇಕಿದ್ದ ಕೆಲಸ ಕೋವಿಡ್‌ನಿಂದ ನಿಂತಿತು, ಅದು ನಿಜ. ಆದರೆ ದುಡ್ಡು ಹುಟ್ಟಿಸುವುದೇ ದೊಡ್ಡ ಕಷ್ಟವಾಗಿದೆ ಎಂದು ಲೀ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಎಂಬತ್ತು ದಾಟಿದ, ಜಗತ್ತೇ ಗುರುತಿಸಿದ ನಿರ್ದೇಶಕರಿಗೆ ಒಂದು ಸಣ್ಣ ಮನೆಯ ಕಥೆ ತೆಗೆಯಲು ದುಡ್ಡು ಹುಟ್ಟುವುದಿಲ್ಲ ಅಂದರೆ ತೊಂದರೆ ಇರುವುದು ದುಡ್ಡು ಕೊಡುವ ಪದ್ಧತಿಯಲ್ಲೇ. ಬ್ರಿಟನ್ನಿನಲ್ಲಿ ಈಗ ಸ್ವತಂತ್ರ ಸಿನಿಮಾಕ್ಕೆ ಹೊಸ ತೆರಿಗೆ ರಿಯಾಯಿತಿ ಬಂದಿದೆ, ಸ್ಟ್ರೀಮಿಂಗ್ ಕಂಪನಿಗಳ ಮೇಲೆ ಸುಂಕ ಹಾಕಬೇಕೆಂಬ ಚರ್ಚೆಯೂ ನಡೆದಿದೆ. ಅದರಿಂದ ಏನು ಸರಿಹೋಗುತ್ತದೆ, ಏನು ಸರಿಹೋಗುವುದಿಲ್ಲ ಎಂದು ತಿಳಿಯಲು ಲೀ ಅವರ ಜೀವನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಮೊದಲು ಅವರು ಕೆಲಸ ಮಾಡುವ ರೀತಿ ನೋಡೋಣ. ಲೀ ಅವರ ಹತ್ತಿರ ಸ್ಕ್ರಿಪ್ಟ್ ಇರುವುದಿಲ್ಲ. ಕಥೆಯ ಸಾರಾಂಶವೂ ಇರುವುದಿಲ್ಲ. ನಟರನ್ನು ಕರೆಸುವಾಗ ಇದು ಯಾವ ಪಾತ್ರ, ಎಷ್ಟು ದೊಡ್ಡದು ಎಂದು ಹೇಳುವುದಿಲ್ಲ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅವರಿಗೆ ಗೊತ್ತಿರುವ ನಿಜವಾದ ಜನರ ಬಗ್ಗೆ ಮಾತಾಡಿಸುತ್ತಾರೆ. ಚಿಕ್ಕಮ್ಮ, ಹಳೆಯ ಮೇಷ್ಟ್ರು, ಪಕ್ಕದ ಬೀದಿಯ ಅಂಗಡಿಯವನು, ಯಾರಾದರೂ ಆಗಬಹುದು. ಅವರಲ್ಲಿ ಒಬ್ಬಿಬ್ಬರನ್ನು ಆರಿಸಿ, ಆ ಬೀಜದಿಂದ ಹೊಸ ಪಾತ್ರವೊಂದನ್ನು ಹುಟ್ಟಿನಿಂದ ಕಟ್ಟುತ್ತಾ ಬರುತ್ತಾರೆ. ಈ ಹೆಂಗಸು ಯಾವ ಶಾಲೆಗೆ ಹೋದಳು? ಮೊದಲ ಸಂಬಳ ಎಷ್ಟು? ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾಳೆ? ಹೀಗೆ ತಿಂಗಳುಗಟ್ಟಲೆ ನಡೆಯುತ್ತದೆ. ಪಾತ್ರ ಗಟ್ಟಿಯಾದ ಮೇಲೆ ಒಂದು ಪಾತ್ರವನ್ನು ಇನ್ನೊಂದಕ್ಕೆ ಎದುರಾಗಿಸಿ ಏನಾಗುತ್ತದೆ ನೋಡುತ್ತಾರೆ. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಪಾತ್ರಕ್ಕೆ ಏನು ಗೊತ್ತೋ ನಟರಿಗೂ ಅಷ್ಟೇ ಗೊತ್ತಿರಬೇಕು.

ಇದರ ಫಲ ಏನೆಂದು ತಿಳಿಯಲು ಅವರ 2004ರ ಸಿನಿಮಾ 'ವೀರಾ ಡ್ರೇಕ್' ಸಾಕು. 1950ರ ಲಂಡನ್. ವೀರಾ ಮನೆಗೆಲಸ ಮಾಡುವ ಹೆಂಗಸು, ಗಂಡ ಮಕ್ಕಳ ಮೇಲೆ ಜೀವ. ಯಾರಿಗೂ ಗೊತ್ತಿಲ್ಲದೆ, ಒಂದು ಪೈಸೆ ಮುಟ್ಟದೆ, ಕಷ್ಟದಲ್ಲಿರುವ ಹುಡುಗಿಯರಿಗೆ ಗರ್ಭಪಾತ ಮಾಡಿಸುತ್ತಿರುತ್ತಾಳೆ. ಬ್ರಿಟನ್ನಿನಲ್ಲಿ ಗರ್ಭಪಾತಕ್ಕೆ ಅನುಮತಿ ಕೊಡುವ ಕಾನೂನು ಬಂದದ್ದು 1967ರಲ್ಲಿ. ಅಲ್ಲಿಯವರೆಗೆ ಇದು ಜೈಲು ಶಿಕ್ಷೆಯ ಅಪರಾಧ. ರಿಹರ್ಸಲ್‌ನಲ್ಲಿ ವೀರಾಳ ಈ ಗುಟ್ಟು ಆ ಪಾತ್ರ ಮಾಡುತ್ತಿದ್ದ ಇಮೆಲ್ಡಾ ಸ್ಟಾಂಟನ್‌ಗೆ ಗೊತ್ತಿತ್ತು. ಗಂಡನ ಪಾತ್ರದ ಫಿಲ್ ಡೇವಿಸ್‌ಗೆ ಗೊತ್ತಿರಲಿಲ್ಲ. ಮಕ್ಕಳ ಪಾತ್ರದ ನಟರಿಗೂ ಗೊತ್ತಿರಲಿಲ್ಲ. ಮಗಳ ಮದುವೆ ನಿಶ್ಚಯವಾದ ಖುಷಿಯಲ್ಲಿ ಮನೆಯವರೆಲ್ಲ ಸೇರಿದ್ದಾರೆ. ನಟರು ಗಂಟೆಗಟ್ಟಲೆ ಆ ಪಾತ್ರಗಳಾಗಿಯೇ ಕೂತಿದ್ದಾರೆ. ಆಗ ಬಾಗಿಲು ಬಡಿದ ಸದ್ದು. ಪೊಲೀಸರು. ಬರುತ್ತಾರೆಂದು ಒಳಗಿದ್ದವರಿಗೆ ಯಾರೂ ಹೇಳಿರಲಿಲ್ಲ. ಇವರು ನಮ್ಮ ಮನೆಗೆ ಯಾಕೆ ಬಂದರು ಎಂಬ ಗಾಬರಿ ಆ ನಟರಿಗೆ ನಿಜವಾಗಿಯೇ ಆಯಿತು. ಸಿನಿಮಾದಲ್ಲಿ ಸ್ಟಾಂಟನ್ ಮುಖದ ಮೇಲೆ ಕ್ಯಾಮೆರಾ ನಿಂತಾಗ, ಆ ಮುಖದಿಂದ ನಗು ಹೇಗೆ ನಿಧಾನಕ್ಕೆ ಇಳಿದುಹೋಗುತ್ತದೆ ನೋಡಿ. ಮೇಜಿನ ಮುಂದೆ ಕೂತು ಬರೆದು ಆ ಕ್ಷಣವನ್ನು ತರುವುದು ಬಲು ಕಷ್ಟ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಲೀ ಅವರ ನಟರು ಕ್ಯಾಮೆರಾ ಮುಂದೆ ಬಾಯಿಗೆ ಬಂದದ್ದು ಮಾತಾಡುತ್ತಾರೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ರಿಹರ್ಸಲ್‌ನಲ್ಲಿ ಹುಟ್ಟಿದ್ದನ್ನು ಲೀ ಸೋಸುತ್ತಾರೆ, ಕತ್ತರಿಸುತ್ತಾರೆ, ಮತ್ತೆ ಮತ್ತೆ ಆಡಿಸಿ ಒಂದೊಂದು ಮಾತನ್ನೂ ಗಟ್ಟಿ ಮಾಡುತ್ತಾರೆ. ಶೂಟಿಂಗ್ ಹೊತ್ತಿಗೆ ಒಂದು ಅಕ್ಷರವೂ ಆಚೀಚೆ ಆಗುವಂತಿಲ್ಲ. ಅಂದರೆ ಸ್ಕ್ರಿಪ್ಟ್ ಇದೆ. ಅದು ಕೊನೆಯಲ್ಲಿ ಬರುತ್ತದೆ ಅಷ್ಟೇ. ಅವರಿಗೆ ಬಂದ ಏಳು ಆಸ್ಕರ್ ನಾಮನಿರ್ದೇಶನಗಳಲ್ಲಿ ಐದು ಚಿತ್ರಕಥೆಗೇ ಬಂದವು.

ಈಗ ದುಡ್ಡು ಹಾಕುವವರ ಕಡೆಯಿಂದ ಯೋಚಿಸಿ. ನಮ್ಮ ಗಾಂಧಿನಗರದಲ್ಲಿ ನಿರ್ಮಾಪಕರು ಮೊದಲು ಕೇಳುವುದು 'ಒನ್ ಲೈನ್ ಹೇಳಿ' ಅಂತ. ಆಮೇಲೆ ಹೀರೋ ಯಾರು ಅಂತ. ಲಂಡನ್ನಿನಲ್ಲೂ ಲಾಸ್ ಏಂಜಲಿಸ್‌ನಲ್ಲೂ ಕೇಳುವುದು ಇದೇ ಎರಡು ಪ್ರಶ್ನೆ. ಲೀ ಅವರ ಹತ್ತಿರ ಎರಡಕ್ಕೂ ಉತ್ತರವಿಲ್ಲ. ಇಷ್ಟು ದುಡ್ಡು ಕೊಡಿ, ಇಷ್ಟು ತಿಂಗಳು ಬಿಡಿ, ಸಿನಿಮಾ ಕೊಡುತ್ತೇನೆ, ಮಧ್ಯೆ ಕೈ ಹಾಕಬೇಡಿ ಎನ್ನುವುದೇ ಅವರ ಷರತ್ತು. ಇಂಥ ಷರತ್ತಿಗೆ ಯಾರಾದರೂ ಒಪ್ಪುತ್ತಾರಾ? ಸುಮಾರು ಐವತ್ತು ವರ್ಷ ಒಪ್ಪಿದರು. ಯಾರು, ಯಾಕೆ ಒಪ್ಪಿದರು ಎನ್ನುವುದರಲ್ಲೇ ಇಂದಿನ ಸಮಸ್ಯೆಯ ಗುಟ್ಟಿದೆ.

ಲೀ ಹುಟ್ಟಿದ್ದು 1943ರ ಫೆಬ್ರುವರಿ 20ರಂದು. ಬೆಳೆದದ್ದು ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ವಲಸೆ ಬಂದ ಯಹೂದಿ ಮನೆತನ. ತಂದೆ ಡಾಕ್ಟರು, ಕೂಲಿಕಾರರ ಬೀದಿಗಳಲ್ಲಿ ಪ್ರಾಕ್ಟೀಸ್. ತಾಯಿ ಸೂಲಗಿತ್ತಿಯ ತರಬೇತಿ ಪಡೆದವರು. 'ವೀರಾ ಡ್ರೇಕ್' ಅನ್ನು ಲೀ ಅರ್ಪಿಸಿದ್ದು ಈ ಇಬ್ಬರ ನೆನಪಿಗೇ. 1960ರಲ್ಲಿ, ಹದಿನೇಳನೇ ವಯಸ್ಸಿಗೆ, ಲಂಡನ್ನಿನ ಹೆಸರಾಂತ ನಾಟಕ ಶಾಲೆ ರಾಡಾ ಸೇರಿದರು. ಅಲ್ಲಿನ ಪಾಠ ಅವರಿಗೆ ಹಿಡಿಸಲಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ತಿರುಗಬೇಕು ಎಂದು ಹೇಳಿಕೊಡುತ್ತಿದ್ದರೇ ಹೊರತು ಈ ಮನುಷ್ಯ ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಕ್ಯಾಂಬರ್‌ವೆಲ್ ಕಲಾ ಶಾಲೆಯಲ್ಲಿ ಎದುರು ಕೂತ ಮನುಷ್ಯನನ್ನು ನೋಡಿ ಚಿತ್ರ ಬರೆಯುವ ತರಗತಿಗೆ ಕೂತಾಗ ಅವರಿಗೆ ಹೊಳೆಯಿತಂತೆ. ಇಲ್ಲಿ ಪ್ರತಿಯೊಬ್ಬರೂ ಕಣ್ಣೆದುರಿನ ನಿಜವನ್ನು ನೋಡಿ ಏನನ್ನೋ ಹುಟ್ಟಿಸುತ್ತಿದ್ದಾರೆ, ನಟರು ಯಾಕೆ ಹೀಗೆ ಮಾಡಬಾರದು? ಅವರ ಪದ್ಧತಿಯ ಬೇರು ಅಲ್ಲಿದೆ.

ಮೊದಲ ಸಿನಿಮಾ 'ಬ್ಲೀಕ್ ಮೊಮೆಂಟ್ಸ್', 1971. ದುಡ್ಡಿನ ಬಹುಪಾಲು ಬಂದದ್ದು ನಟ ಆಲ್ಬರ್ಟ್ ಫಿನ್ನಿ ಅವರ ಕಂಪನಿಯಿಂದ. ಫಿನ್ನಿಯವರೂ ಸಾಲ್ಫರ್ಡ್‌ನವರೇ, ಲೀ ಓದಿದ ಶಾಲೆಯಲ್ಲೇ ಓದಿದವರು. ಸಿನಿಮಾ ಲೊಕಾರ್ನೊ ಉತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದಿತು. ಇನ್ನೇನು ದಾರಿ ಸಿಕ್ಕಿತು ಅಂದುಕೊಳ್ಳಬೇಕು, ಅಲ್ವಾ? ಚಿತ್ರಮಂದಿರಕ್ಕಾಗಿ ಅವರ ಮುಂದಿನ ಸಿನಿಮಾ ಬಂದದ್ದು 1988ರಲ್ಲಿ. ಮಧ್ಯೆ 17 ವರ್ಷ.

ಆ 17 ವರ್ಷ ಲೀ ಸುಮ್ನೆ ಕೂರಲಿಲ್ಲ. ಬಿಬಿಸಿ ಅವರನ್ನು ಸಾಕಿತು. ನನ್ನ ಮಟ್ಟಿಗೆ ಈ ಇಡೀ ಕಥೆಯ ಮುಖ್ಯ ಅಧ್ಯಾಯ ಇದು.

ಬಿಬಿಸಿ 1970ರಿಂದ 1984ರವರೆಗೆ 'ಪ್ಲೇ ಫಾರ್ ಟುಡೇ' ಎಂಬ ಮಾಲಿಕೆ ನಡೆಸಿತು. ಪ್ರತಿ ಸೀಸನ್‌ನಲ್ಲೂ ಒಂದರ ಹಿಂದೆ ಒಂದು ಹೊಸ ನಾಟಕ, ಹೊಸ ಚಿತ್ರ. ಇಂಥ ದಿನ ಇಷ್ಟು ಗಂಟೆಗೆ ಪ್ರಸಾರ ಎಂದು ನಿಗದಿ. ಇಷ್ಟು ಬಜೆಟ್ ಎಂದು ನಿಗದಿ. ಆ ಜಾಗ ತುಂಬಲೇಬೇಕು. ಯಾವ ಕಥೆ, ಯಾರ ಕೈಯಲ್ಲಿ ಎನ್ನುವುದು ಮಾತ್ರ ನಿರ್ಮಾಪಕರ ವಿವೇಚನೆ. ಆ ನಿರ್ಮಾಪಕರು ಬಿಬಿಸಿಯ ಸಂಬಳದಾರರು. ಒಂದು ಚಿತ್ರ ಸೋತರೆ ಅವರ ಮನೆ ಮುಳುಗುವುದಿಲ್ಲ, ಮುಂದಿನ ವಾರ ಇನ್ನೊಂದು ಇದ್ದೇ ಇರುತ್ತದೆ. ಹಾಗಾಗಿ ಅವರು ಕಾಗದದ ಬದಲು ಮನುಷ್ಯರನ್ನು ನೋಡಿ ಒಪ್ಪಬಹುದಿತ್ತು. ಟೋನಿ ಗಾರ್ನೆಟ್ ಲೀ ಅವರನ್ನು ಕರೆದು 1973ರಲ್ಲಿ 'ಹಾರ್ಡ್ ಲೇಬರ್' ಮಾಡಿಸಿದರು. ಬರ್ಮಿಂಗ್‌ಹ್ಯಾಮ್ ಕೇಂದ್ರದಲ್ಲಿ ನಾಟಕ ವಿಭಾಗ ನೋಡಿಕೊಳ್ಳುತ್ತಿದ್ದ ಡೇವಿಡ್ ರೋಸ್ 1976ರಲ್ಲಿ 'ನಟ್ಸ್ ಇನ್ ಮೇ' ಮಾಡಿಸಿದರು. ಮಾರ್ಗರೆಟ್ ಮ್ಯಾಥೆಸನ್ 1977ರಲ್ಲಿ ಲೀ ಅವರದೇ ನಾಟಕ 'ಅಬಿಗೇಲ್ಸ್ ಪಾರ್ಟಿ'ಯನ್ನು ರಂಗದಿಂದ ಟಿವಿಗೆ ತಂದರು. ಅದರಲ್ಲಿ ಆಲಿಸನ್ ಸ್ಟೆಡ್‌ಮನ್ ಮಾಡಿದ ಬೆವರ್ಲಿ ಎಂಬ ಗೃಹಿಣಿಯನ್ನು ಬ್ರಿಟಿಷರು ಇವತ್ತಿಗೂ ಮನೆಯವಳ ಹಾಗೆ ನೆನೆಯುತ್ತಾರೆ. ಇವುಗಳಲ್ಲಿ ಯಾವುದೂ ಮೊದಲೇ ಬರೆದಿಟ್ಟ ಸ್ಕ್ರಿಪ್ಟ್‌ನಿಂದ ಹುಟ್ಟಿದ್ದಲ್ಲ.

1982ರ ನವೆಂಬರ್ 2ರಂದು ಚಾನೆಲ್ 4 ಶುರುವಾಯಿತು. ಸರ್ಕಾರದ ಒಡೆತನ, ಜಾಹೀರಾತಿನ ಆದಾಯ, ಸ್ವಂತ ಸ್ಟುಡಿಯೊ ನಿರ್ಮಾಣ ಇಲ್ಲ, ಕಾರ್ಯಕ್ರಮಗಳನ್ನು ಹೊರಗಿನ ಕಂಪನಿಗಳಿಂದ ಮಾಡಿಸಬೇಕಿತ್ತು. ಅದರ ಸಿನಿಮಾ ವಿಭಾಗಕ್ಕೆ ಮೊದಲ ಮುಖ್ಯಸ್ಥರಾಗಿ ಬಂದವರು ಯಾರು? ಅದೇ ಡೇವಿಡ್ ರೋಸ್. ಬಿಬಿಸಿಯಲ್ಲಿ ಕಲಿತ ನಂಬಿಕೆಯ ಅಭ್ಯಾಸವನ್ನು ಅವರು ಜೊತೆಗೇ ತಂದರು. 1988ರಲ್ಲಿ ಲೀ ಅವರ 'ಹೈ ಹೋಪ್ಸ್' ಚಿತ್ರಮಂದಿರಕ್ಕೆ ಬಂದದ್ದು ಚಾನೆಲ್ 4 ದುಡ್ಡಿನಿಂದ. ಆ ಸುಮಾರಿಗೆ ಲೀ ನಿರ್ಮಾಪಕ ಸೈಮನ್ ಚಾನಿಂಗ್ ವಿಲಿಯಮ್ಸ್ ಜೊತೆ ಸೇರಿ ಥಿನ್ ಮ್ಯಾನ್ ಫಿಲ್ಮ್ಸ್ ಎಂಬ ಸ್ವಂತ ಕಂಪನಿ ಕಟ್ಟಿಕೊಂಡರು. ಆಮೇಲೆ 1990ರಲ್ಲಿ 'ಲೈಫ್ ಈಸ್ ಸ್ವೀಟ್', 1993ರಲ್ಲಿ 'ನೇಕೆಡ್', 1996ರಲ್ಲಿ 'ಸೀಕ್ರೆಟ್ಸ್ ಅಂಡ್ ಲೈಸ್'. 'ನೇಕೆಡ್'ಗೆ ಕಾನ್‌ನಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ, ಡೇವಿಡ್ ಥ್ಯೂಲಿಸ್‌ಗೆ ಶ್ರೇಷ್ಠ ನಟ ಪ್ರಶಸ್ತಿ. ಮೂರು ವರ್ಷದ ಮೇಲೆ ಪಾಮ್ ದೋರ್.

'ಸೀಕ್ರೆಟ್ಸ್ ಅಂಡ್ ಲೈಸ್' ಬಗ್ಗೆ ಸ್ವಲ್ಪ ನಿಲ್ಲಬೇಕು. ಹಾರ್ಟೆನ್ಸ್ ಕಪ್ಪು ಜನಾಂಗದ ಯುವತಿ, ಕಣ್ಣು ಪರೀಕ್ಷಿಸುವ ವೃತ್ತಿ. ಸಾಕಿದ ತಾಯಿ ತೀರಿಕೊಂಡ ಮೇಲೆ ಹೆತ್ತವಳನ್ನು ಹುಡುಕುತ್ತಾಳೆ. ಸಿಕ್ಕವಳು ಸಿಂಥಿಯಾ, ಕಾರ್ಖಾನೆಯಲ್ಲಿ ದುಡಿಯುವ ಬಿಳಿಯ ಹೆಂಗಸು. ಇಬ್ಬರೂ ಖಾಲಿ ಕೆಫೆಯೊಂದರಲ್ಲಿ ಅಕ್ಕಪಕ್ಕ ಕೂರುತ್ತಾರೆ. ಕ್ಯಾಮೆರಾ ಎದುರಿಗೆ ನಿಂತಿದೆ, ಕದಲುವುದಿಲ್ಲ. ಒಂದೇ ಶಾಟ್, ಏಳೆಂಟು ನಿಮಿಷ. ಏನೋ ತಪ್ಪಾಗಿದೆ ಕಣಮ್ಮಾ, ನಾನು ನಿನ್ನ ತಾಯಿ ಆಗಿರಲು ಸಾಧ್ಯವೇ ಇಲ್ಲ ಎನ್ನುವ ಹಾಗೆ ಸಿಂಥಿಯಾ ಸಮಾಧಾನ ಹೇಳುತ್ತಿರುತ್ತಾಳೆ. ಹೇಳುತ್ತಾ ಹೇಳುತ್ತಾ ಎಷ್ಟೋ ವರ್ಷ ಹೂತಿಟ್ಟಿದ್ದ ನೆನಪೊಂದು ತಟ್ಟನೆ ಮೇಲೆ ಬರುತ್ತದೆ. ಮಾತು ನಿಲ್ಲುತ್ತದೆ. ಮುಖ ಬದಲಾಗುತ್ತದೆ. ಅಳು ಬರುತ್ತದೆ. ಸಿಂಥಿಯಾ ಆದ ಬ್ರೆಂಡಾ ಬ್ಲೆಥಿನ್‌ಗೆ ರಿಹರ್ಸಲ್‌ನಲ್ಲಿ ಮಗಳ ಪಾತ್ರದವರು ಎದುರು ಬಂದು ನಿಲ್ಲುವ ತನಕ ಆಕೆ ಕಪ್ಪು ಹುಡುಗಿ ಎಂದೇ ಗೊತ್ತಿರಲಿಲ್ಲ. ಈ ದೃಶ್ಯವನ್ನು ಕಾಗದದ ಮೇಲೆ ಹಾಕಿದರೆ ಇಬ್ಬರು ಕೂತು ಟೀ ಕುಡಿಯುತ್ತಾರೆ, ಒಬ್ಬಳು ಅಳುತ್ತಾಳೆ, ಅಷ್ಟೇ. ಓದಿದವರು ಎಂಟು ನಿಮಿಷ ಬೇಡ, ಒಂದೂವರೆ ನಿಮಿಷಕ್ಕೆ ಇಳಿಸಿ ಎನ್ನುತ್ತಿದ್ದರು.

ಆ ಸಿನಿಮಾಕ್ಕೆ ಚಾನೆಲ್ 4 ಜೊತೆ ದುಡ್ಡು ಹಾಕಿದ್ದು ಸಿಬಿ 2000 ಎಂಬ ಫ್ರೆಂಚ್ ಕಂಪನಿ. 'ವೀರಾ ಡ್ರೇಕ್'ಗೂ ಫ್ರೆಂಚ್ ನಿರ್ಮಾಪಕ ಅಲೆನ್ ಸಾರ್ಡ್ ಅವರ ದುಡ್ಡು ಬಂತು. 2014ರ 'ಮಿಸ್ಟರ್ ಟರ್ನರ್'ನಲ್ಲೂ ಫ್ರಾನ್ಸ್, ಜರ್ಮನಿಯ ಪಾಲಿದೆ. ಇಂಗ್ಲಿಷ್ ಬೀದಿಗಳ, ಇಂಗ್ಲಿಷ್ ಅಡುಗೆಮನೆಗಳ ಈ ಸಿನಿಮಾಗಳಿಗೆ ಪ್ಯಾರಿಸ್ ಯಾಕೆ ದುಡ್ಡು ಹಾಕಬೇಕು? ಫ್ರಾನ್ಸ್‌ನಲ್ಲಿ ಚಿತ್ರಮಂದಿರದ ಪ್ರತಿ ಟಿಕೆಟ್‌ನಿಂದ ಹತ್ತನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಸರ್ಕಾರದ ಸಿನಿಮಾ ನಿಧಿಗೆ ಹೋಗುತ್ತದೆ. ಹಾಲಿವುಡ್ ಚಿತ್ರ ನೋಡಿದವರ ಟಿಕೆಟ್‌ನಿಂದಲೂ ಹೋಗುತ್ತದೆ. ಅದು ತಿರುಗಿ ಹೊಸ ಸಿನಿಮಾಗಳಿಗೆ ಬರುತ್ತದೆ. ಹಾಗಾಗಿ ಅಲ್ಲಿನ ನಿರ್ಮಾಪಕರ ಕೈಯಲ್ಲಿ ಕೊಂಚ ಧೈರ್ಯ ಮಾಡುವಷ್ಟು ದುಡ್ಡು ಉಳಿಯಿತು. ಬ್ರಿಟನ್ನಿನಲ್ಲೂ ಇಂಥದ್ದೇ ಒಂದಿತ್ತು. ಈಡಿ ಲೆವಿ ಎಂದು ಹೆಸರು, 1950ರಲ್ಲಿ ಶುರುವಾದದ್ದು. ಥ್ಯಾಚರ್ ಸರ್ಕಾರ 1985ರಲ್ಲಿ ಅದನ್ನು ತೆಗೆದು ಹಾಕಿತು. ಆ ತೀರ್ಮಾನ ಎಷ್ಟು ದುಬಾರಿಯಾಯಿತು ಎಂದು ಬ್ರಿಟಿಷ್ ಸಿನಿಮಾದವರು ಇಂದೂ ಅನುಭವಿಸುತ್ತಿದ್ದಾರೆ.

ಆಮೇಲಿನ ಸರ್ಕಾರಿ ಏರ್ಪಾಡುಗಳಿಗೂ ಆಯಸ್ಸು ಕಡಿಮೆ. 2000ದಲ್ಲಿ ಹುಟ್ಟಿದ ಯುಕೆ ಫಿಲ್ಮ್ ಕೌನ್ಸಿಲ್ 2011ರಲ್ಲಿ ಮುಚ್ಚಿತು, ಅದರ ಕೆಲಸ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋಯಿತು. ಚಾನೆಲ್ 4 ಅನ್ನೇ ಮಾರುವ ಯೋಜನೆ ಬೋರಿಸ್ ಜಾನ್ಸನ್ ಕಾಲದಲ್ಲಿ ಬಂತು. 2023ರ ಜನವರಿಯಲ್ಲಿ ಅದನ್ನು ಕೈಬಿಟ್ಟರು. ಸದ್ಯ ಉಳಿದಿದೆ.

ಇಷ್ಟರ ಮಧ್ಯೆ ಬ್ರಿಟನ್ನಿನಲ್ಲಿ ಶೂಟಿಂಗ್ ಮಾತ್ರ ಭರಾಟೆಯಿಂದ ನಡೆದಿದೆ. ಶೆಪರ್ಟನ್ ಸ್ಟುಡಿಯೊದಲ್ಲಿ ನೆಟ್‌ಫ್ಲಿಕ್ಸ್, ಅಮೆಜಾನ್ ದೀರ್ಘಕಾಲದ ಬಾಡಿಗೆ ಹಿಡಿದಿವೆ. ಲೀವ್ಸ್‌ಡನ್ ಸ್ಟುಡಿಯೊ ವಾರ್ನರ್ ಬ್ರದರ್ಸ್‌ನದೇ. ಅಲ್ಲಿ ಖರ್ಚಾಗುವ ದುಡ್ಡಿನ ದೊಡ್ಡ ಪಾಲು ಅಮೆರಿಕದ ಕಂಪನಿಗಳದ್ದು. ಬಡಗಿಗಳಿಗೆ, ಲೈಟ್‌ನವರಿಗೆ, ಮೇಕಪ್‌ನವರಿಗೆ ಕೆಲಸ ಸಿಗುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಅದರಿಂದ ಸಂಬಳ, ಬಾಡಿಗೆ ಎಲ್ಲವೂ ಏರುತ್ತವೆ. ದೊಡ್ಡ ಸಿನಿಮಾ ತಡೆದುಕೊಳ್ಳುತ್ತದೆ. ಇಪ್ಪತ್ತು ಲಕ್ಷ ಪೌಂಡಿನ ಸಿನಿಮಾಕ್ಕೆ ತಡೆಯಲು ಆಗುವುದಿಲ್ಲ.

ಅದಕ್ಕೇ 2024ರ ಮಾರ್ಚ್ ಬಜೆಟ್‌ನಲ್ಲಿ ಸ್ವತಂತ್ರ ಸಿನಿಮಾಗಳಿಗೆಂದೇ ಹೊಸ ತೆರಿಗೆ ರಿಯಾಯಿತಿ ಬಂತು. ಮುಖ್ಯ ಖರ್ಚು 2.35 ಕೋಟಿ ಪೌಂಡ್ ದಾಟದ, ಬ್ರಿಟಿಷ್ ಬರಹಗಾರರೋ ನಿರ್ದೇಶಕರೋ ಇರುವ, ಚಿತ್ರಮಂದಿರಕ್ಕೆಂದು ಮಾಡಿದ ಸಿನಿಮಾಗಳಿಗೆ ಇದು ಸಿಗುತ್ತದೆ, ಅದೂ ಮೊದಲ ಒಂದೂವರೆ ಕೋಟಿಯ ಖರ್ಚಿಗೆ ಮಾತ್ರ. ದರ 53%. ಮಾಮೂಲಿ ಸಿನಿಮಾಕ್ಕೆ ಇರುವುದು 34%. ಲೆಕ್ಕ ಹೀಗೆ ನಡೆಯುತ್ತದೆ. ಒಂದು ಸಿನಿಮಾದ ಮುಖ್ಯ ಖರ್ಚು 10 ಲಕ್ಷ ಪೌಂಡ್ ಅಂದುಕೊಳ್ಳಿ, ಎಲ್ಲವೂ ಬ್ರಿಟನ್ನಿನಲ್ಲೇ ಖರ್ಚಾಗಿದೆ. ಅದರಲ್ಲಿ 80%, ಅಂದರೆ 8 ಲಕ್ಷಕ್ಕೆ ಮಾತ್ರ ರಿಯಾಯಿತಿ ಅನ್ವಯ. 8 ಲಕ್ಷದ 53% ಅಂದರೆ 4,24,000 ಪೌಂಡ್. ಅದರ ಮೇಲೆ 25% ತೆರಿಗೆ ಕಳೆದರೆ ಕೈಗೆ 3,18,000. ಖರ್ಚಿನ ಮೂರನೇ ಒಂದು ಪಾಲಿಗೆ ಹತ್ತಿರ. ಇದು ನಿಜಕ್ಕೂ ದೊಡ್ಡ ನೆರವು. ಲೀ ಥರದವರ ಸಿನಿಮಾಗಳಿಗೆ ಇಂಥ ಸಹಾಯ ಬೇಕೆಂದು ವರ್ಷಗಟ್ಟಲೆ ಹೋರಾಡಿದವರಿಗೆ ಕೃತಜ್ಞತೆ ಸಲ್ಲಬೇಕು.

ಆದರೆ ಈ ದುಡ್ಡು ಯಾವಾಗ ಬರುತ್ತದೆ ನೋಡಿ. ಮೊದಲು ಖರ್ಚು ಮಾಡಬೇಕು. ಕಂಪನಿಯ ತೆರಿಗೆ ಲೆಕ್ಕ ಸಲ್ಲಿಸಬೇಕು. ಆಮೇಲೆ ಬರುತ್ತದೆ. ಶೂಟಿಂಗ್‌ಗೆ ಬೇಕಾದ ದುಡ್ಡಿಗಾಗಿ ನಿರ್ಮಾಪಕರು ಈ ಮುಂದೆ ಬರುವ ರಿಯಾಯಿತಿಯನ್ನೇ ತೋರಿಸಿ ಸಾಲ ತರುತ್ತಾರೆ. ಸಾಲ ಕೊಡುವವರು ಸಿನಿಮಾ ಮುಗಿದೇ ಮುಗಿಯುತ್ತದೆ ಎಂಬ ಖಾತರಿ ಕೇಳುತ್ತಾರೆ. ಆ ಖಾತರಿ ಬರೆದುಕೊಡುವ ಕಂಪನಿಗಳು ಮೊದಲು ಏನು ಕೇಳುತ್ತವೆ? ಸ್ಕ್ರಿಪ್ಟ್, ಶೆಡ್ಯೂಲ್, ಬಜೆಟ್, ನಟರ ಪಟ್ಟಿ. ಸುತ್ತಿ ಸುತ್ತಿ ಮತ್ತೆ ಕಾಗದದ ಹತ್ತಿರವೇ ಬಂದೆವು. ಉಳಿದ ಮೂರನೇ ಎರಡು ಪಾಲು ದುಡ್ಡೂ ಯಾರಾದರೂ ಕೊಡಬೇಕು. ಅವರೂ ಓದಲು ಏನಾದರೂ ಕೇಳುತ್ತಾರೆ. ಅಂದರೆ ಕಾಗದದ ಮೇಲೆ ಚೆನ್ನಾಗಿ ಕಾಣುವ ಸಣ್ಣ ಸಿನಿಮಾಕ್ಕೆ ಈ ರಿಯಾಯಿತಿಯಿಂದ ಬಹಳ ಅನುಕೂಲ. ಕಾಗದದ ಮೇಲೆ ಹುಟ್ಟದ ಸಿನಿಮಾಕ್ಕೆ ಅರ್ಧ ದಾರಿಯಷ್ಟೇ.

'ಹಾರ್ಡ್ ಟ್ರೂತ್ಸ್' ಕಥೆಯನ್ನೇ ತಗೊಳ್ಳಿ. ಲಂಡನ್ನಿನ ಕಪ್ಪು ಕುಟುಂಬ. ಪ್ಯಾನ್ಸಿ ಎಂಬ ನಡುವಯಸ್ಸಿನ ಹೆಂಗಸಿಗೆ ಬೆಳಗಾದರೆ ಸಿಟ್ಟು. ಗಂಡನ ಮೇಲೆ, ಮನೆಯಲ್ಲೇ ಕೂತ ಮಗನ ಮೇಲೆ, ಸೂಪರ್ ಮಾರ್ಕೆಟ್ ಸಾಲಿನಲ್ಲಿ ನಿಂತವರ ಮೇಲೆ, ಹಲ್ಲಿನ ಡಾಕ್ಟರ ಮೇಲೆ ಸಿಟ್ಟು. ತಂಗಿ ಚಾಂಟೆಲ್ ಕೂದಲು ಕತ್ತರಿಸುವ ಅಂಗಡಿಯವಳು, ನಗುನಗುತ್ತಾ ಇರುವವಳು. ತಾಯಂದಿರ ದಿನ ಇಬ್ಬರೂ ಅಮ್ಮನ ಸಮಾಧಿಗೆ ಹೋಗುತ್ತಾರೆ. ಪ್ಯಾನ್ಸಿ ಯಾಕೆ ಹೀಗಾದಳು ಎಂದು ಸಿನಿಮಾ ಬಿಡಿಸಿ ಹೇಳುವುದಿಲ್ಲ. ಕೊನೆಗೆ ಅವಳು ಬದಲಾಗುವುದೂ ಇಲ್ಲ. ಇದನ್ನು ಒನ್ ಲೈನ್ ಮಾಡಿ ಹೇಳಿದರೆ ಯಾವ ನಿರ್ಮಾಪಕರು ಹೂಂ ಅಂದಾರು? ತೆರೆಯ ಮೇಲೆ ನೋಡಿದಾಗ ಮಾತ್ರ ಆ ಸಿಟ್ಟಿನ ಕೆಳಗೆ ಎಂಥ ಭಯ, ಎಂಥ ದಣಿವು ಇದೆ ಎಂದು ತಿಳಿಯುತ್ತದೆ. ಈ ಸಿನಿಮಾಕ್ಕೆ ಕೊನೆಗೂ ದುಡ್ಡು ಹಾಕಿದವರಲ್ಲಿ ಚಾನೆಲ್ 4ರ ಸಿನಿಮಾ ವಿಭಾಗವಿದೆ, ಸ್ಪೇನ್‌ನ ಮೀಡಿಯಾಪ್ರೊ ಇದೆ. ಸಾಮಾನ್ಯವಾಗಿ ಆರು ತಿಂಗಳು ನಡೆಯುತ್ತಿದ್ದ ರಿಹರ್ಸಲ್ ಈ ಸಲ 14 ವಾರಕ್ಕೆ ಇಳಿಯಿತು. 1990ರಿಂದ ಲೀ ಜೊತೆಗಿದ್ದ ಛಾಯಾಗ್ರಾಹಕ ಡಿಕ್ ಪೋಪ್‌ಗೂ ಇದೇ ಅವರೊಂದಿಗಿನ ಕೊನೆಯ ಸಿನಿಮಾ ಆಯಿತು. ಅವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಮರಿಯಾನ್ ಜೀನ್-ಬ್ಯಾಪ್ಟಿಸ್ಟ್ ಅವರದೂ ಇದೇ ಕಥೆಯ ಇನ್ನೊಂದು ಎಳೆ. 'ಸೀಕ್ರೆಟ್ಸ್ ಅಂಡ್ ಲೈಸ್'ನ ಹಾರ್ಟೆನ್ಸ್ ಅವರೇ. ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಕಪ್ಪು ಬ್ರಿಟಿಷ್ ನಟಿ. ಮರುವರ್ಷ ಕಾನ್‌ಗೆ ಬ್ರಿಟನ್ನಿನ ಯುವ ನಟರ ತಂಡ ಹೊರಟಾಗ ಅವರನ್ನು ಕರೆಯಲಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಿದರು. ಆಮೇಲೆ ಅಮೆರಿಕಕ್ಕೆ ಹೋದರು, ಅಲ್ಲಿನ ಟಿವಿಯಲ್ಲಿ ವರ್ಷಗಟ್ಟಲೆ ದುಡಿದರು. ಅವರಿಗೆ ಮತ್ತೆ ತಕ್ಕ ಪಾತ್ರ ಸಿಕ್ಕಿದ್ದು ಇಪ್ಪತ್ತೆಂಟು ವರ್ಷದ ಮೇಲೆ, ಅದೇ ಲೀ ಕೈಯಲ್ಲಿ. ದುಡ್ಡು ಕಾಗದ ನೋಡಿ ಹರಿಯುವಾಗ ಅದರ ಜೊತೆ ಪರಿಚಿತ ಮುಖ, ಪರಿಚಿತ ಬಣ್ಣ ನೋಡಿಯೂ ಹರಿಯುತ್ತದೆ ಎನ್ನುವುದನ್ನು ಮರೆಯಬಾರದು.

ಇದಕ್ಕೆ ವಿರುದ್ಧವಾದ ಮಾತೂ ಇದೆ, ಅದು ಹಗುರವಾದದ್ದಲ್ಲ. ಜನರ ದುಡ್ಡನ್ನು ಏನು ಮಾಡುತ್ತೀರಿ ಎಂದು ಕೇಳದೆ ಕೊಡುವುದು ಸರಿಯೇ? 1819ರ ಮ್ಯಾಂಚೆಸ್ಟರ್ ಹತ್ಯಾಕಾಂಡದ ಮೇಲೆ ಲೀ ಮಾಡಿದ 'ಪೀಟರ್‌ಲೂ' ಅವರ ಅತಿ ದೊಡ್ಡ ಕ್ಯಾನ್ವಾಸ್. ಅಮೆಜಾನ್ ದುಡ್ಡು ಹಾಕಿತ್ತು. ಟಿಕೆಟ್ ಕಿಟಕಿಯಲ್ಲಿ ಅದು ಗೆಲ್ಲಲಿಲ್ಲ. ಅದಾದ ಮೇಲೆ ಸ್ಟ್ರೀಮಿಂಗ್ ಕಂಪನಿಗಳು ಹಿಂಜರಿದರೆ ಅವರ ಲೆಕ್ಕದಲ್ಲಿ ತಪ್ಪೇನಿದೆ ಎಂದು ಕೇಳಬಹುದು. ತಪ್ಪಿಲ್ಲ. ವ್ಯಾಪಾರದವರು ವ್ಯಾಪಾರ ಮಾಡಲಿ. ಹಾಗೆಂದೇ ವ್ಯಾಪಾರದ ಹೊರಗೆ ಒಂದು ಜಾಗ ಬೇಕು ಎನ್ನುವುದು ನನ್ನ ವಾದ. ಬಿಬಿಸಿ ಕೊಟ್ಟದ್ದು ಆ ಜಾಗ. ಅಲ್ಲಿ ಲೆಕ್ಕ ಕೇಳುತ್ತಿರಲಿಲ್ಲ ಅಂತಲ್ಲ. ಬಜೆಟ್ ಮೀರುವಂತಿರಲಿಲ್ಲ, ತಾರೀಕು ತಪ್ಪುವಂತಿರಲಿಲ್ಲ. ಲೀ ಈ ಎರಡು ಗೆರೆಗಳ ಒಳಗೇ ಕೆಲಸ ಕಲಿತರು. ಹೊಣೆಗಾರಿಕೆ ಇತ್ತು, ಆದರೆ ಕಥೆಯನ್ನು ಮೊದಲೇ ಒಪ್ಪಿಸಬೇಕೆಂಬ ಹಟ ಇರಲಿಲ್ಲ. ಹತ್ತು ಮಂದಿಗೆ ಹೀಗೆ ಕೊಟ್ಟರೆ ಕೆಲವರು ಸೋಲುತ್ತಾರೆ. ಸೋತ ಚಿತ್ರಗಳನ್ನೂ ಸೇರಿಸಿ ಲೆಕ್ಕ ಹಾಕಿದರೂ ಆ ಮಾಲಿಕೆ ಒಂದು ದೇಶದ ಸಿನಿಮಾಕ್ಕೆ ಕೊಟ್ಟದ್ದು ಅಪಾರ. ನಿರ್ದೇಶಕರಾದ ಕೆನ್ ಲೋಚ್, ಸ್ಟೀಫನ್ ಫ್ರಿಯರ್ಸ್ ಬೆಳೆದದ್ದೂ ಬಿಬಿಸಿಯ ಇಂಥ ಒಂಟಿ ನಾಟಕಗಳಿಂದಲೇ.

2025ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಸಂಸ್ಕೃತಿ ಸಮಿತಿ ಒಂದು ವರದಿ ಕೊಟ್ಟಿತು. ಸ್ಟ್ರೀಮಿಂಗ್ ಕಂಪನಿಗಳು ಬ್ರಿಟನ್ನಿನ ಚಂದಾದಾರರಿಂದ ಪಡೆಯುವ ಆದಾಯದಲ್ಲಿ 5% ಅನ್ನು ಒಂದು ನಿಧಿಗೆ ಕೊಡಬೇಕು, ಅದನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಸಬೇಕು ಎಂದು ಅದು ಹೇಳಿತು. ಫ್ರಾನ್ಸ್ 2021ರಿಂದಲೇ ಈ ಕಂಪನಿಗಳು ಅಲ್ಲಿನ ಆದಾಯದ ಕನಿಷ್ಠ 20% ಅನ್ನು ಯುರೋಪಿನ, ಅದರಲ್ಲೂ ಹೆಚ್ಚಾಗಿ ಫ್ರಾನ್ಸ್‌ನ ಕೃತಿಗಳ ಮೇಲೆ ಹಾಕಬೇಕೆಂದು ಕಾನೂನು ಮಾಡಿದೆ. ಅದರ ಮುಂದೆ 5% ಏನೇನೂ ಅಲ್ಲ. ಸುಂಕ ಬರಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಸುಂಕ ಬಂದರೆ ಆ ನಿಧಿಯ ಅರ್ಜಿ ನಮೂನೆಯಲ್ಲಿ ಏನಿರುತ್ತದೆ ಎನ್ನುವುದೇ ಮುಂದಿನ ಪ್ರಶ್ನೆ. ಸ್ಕ್ರಿಪ್ಟ್ ಲಗತ್ತಿಸಿ, ಸಾರಾಂಶ ಲಗತ್ತಿಸಿ, ನಟರ ಒಪ್ಪಿಗೆ ಪತ್ರ ಲಗತ್ತಿಸಿ ಎಂದಿದ್ದರೆ ಹೊಸ ದುಡ್ಡು ಹಳೆಯ ದಾರಿಯಲ್ಲೇ ಹರಿಯುತ್ತದೆ. 'ಬ್ಲೀಕ್ ಮೊಮೆಂಟ್ಸ್' ಮಾಡಿದಾಗ ಲೀ ಅವರಿಗೆ 28 ವರ್ಷ. ಆ ವಯಸ್ಸಿನ, ಹೆಸರಿಲ್ಲದ, ಬೇರೆ ರೀತಿಯಲ್ಲಿ ಕೆಲಸ ಮಾಡುವ ಹುಡುಗನೋ ಹುಡುಗಿಯೋ ಈಗ ಯಾರ ಬಾಗಿಲು ಬಡಿಯಬೇಕು? ಆ ನಿಧಿಯ ಒಂದು ಪಾಲನ್ನು, ಐದರಲ್ಲಿ ಒಂದಾದರೂ, ಡೇವಿಡ್ ರೋಸ್, ಟೋನಿ ಗಾರ್ನೆಟ್ ಥರದ ಕೆಲವು ನಿರ್ಮಾಪಕರ ಕೈಗೆ ಕೊಡಬೇಕು. ಇಂತಿಷ್ಟು ಸಣ್ಣ ಬಜೆಟ್, ಇಂಥ ದಿನ ಪ್ರಸಾರ ಎಂದು ಮೊದಲೇ ಗೊತ್ತು ಮಾಡಬೇಕು. ಯಾರನ್ನು ನಂಬಬೇಕೆಂಬುದನ್ನು ಅವರಿಗೇ ಬಿಡಬೇಕು. ಖಾತರಿ ಕಂಪನಿ ಬೇಡ, ಆ ಸಣ್ಣ ನಷ್ಟವನ್ನು ನಿಧಿಯೇ ಹೊತ್ತುಕೊಳ್ಳಲಿ. ಬಿಬಿಸಿ ಇದನ್ನು 14 ವರ್ಷ ಮಾಡಿ ತೋರಿಸಿದೆ, ಹಾಗಾಗಿ ಇದು ಆಗದ ಕೆಲಸ ಎಂದು ಯಾರೂ ಹೇಳುವಂತಿಲ್ಲ.